ಪರ್ಸಿನಲ್ಲಿದ್ದ ನೂರು ರೂಪಾಯಿ

ಸಂಜೆ ಪಾರ್ಕಿನಲ್ಲಿ ಎರಡು ಸುತ್ತು ಹಾಕಿ ಬೆಂಚಿನ ಮೇಲೆ ಕೂತಿದ್ದೆ. ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಬಂದು ಪಕ್ಕದಲ್ಲಿ ಕೂತಳು. ಬ್ಯಾಂಕಿನಲ್ಲಿದ್ದವನು ಎಂದು ನನ್ನ ಬಳಿ ಬರುವವರು ಸಾಮಾನ್ಯವಾಗಿ ಎಫ್‌ಡಿ ಬಡ್ಡಿ ವಿಚಾರಿಸುತ್ತಾರೆ, ಇಲ್ಲವೇ ನಾಮಿನಿ ಹೆಸರು ಸೇರಿಸುವುದು ಹೇಗೆ ಎಂದು ಕೇಳುತ್ತಾರೆ. ಈಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ದನಿ ತಗ್ಗಿಸಿದಳು.

"ಅಂಕಲ್, ನನ್ನ ಪರ್ಸಿನಿಂದ ಎರಡು ಸಲ ದುಡ್ಡು ಹೋಗಿದೆ. ಮಗನೇ ತೆಗೆದಿದ್ದಾನೆ ಅನ್ಸುತ್ತೆ. ಇನ್ನೂ ಒಂಬತ್ತು ವರ್ಷ ಅವನಿಗೆ. ನಾಲ್ಕು ಬಾರಿಸಿಬಿಡಲಾ, ಇವರಿಗೆ ಹೇಳಲಾ, ಸುಮ್ಮನಿರಲಾ? ಈಗಲೇ ಹೀಗಾದರೆ ಮುಂದೆ ಹೇಗೆ?"

ಕೊನೆಯ ಮಾತು ಹೇಳುವಾಗ ಆಕೆಯ ಗಂಟಲು ಕಟ್ಟಿತ್ತು. ಅಲ್ಲಿ ಆಕೆಗೆ ಹೇಳಿದ್ದನ್ನೂ, ಹೇಳಲಾಗದೆ ನುಂಗಿಕೊಂಡಿದ್ದನ್ನೂ ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ.

ಆಕೆಗೆ ಮೊದಲು ಹೇಳಿದ್ದು ಕ್ಯಾಷ್ ಕೌಂಟರಿನ ಪಾಠ. ಸಂಜೆ ಲೆಕ್ಕ ಮುಗಿಸುವಾಗ ಹಣ ಕಡಿಮೆ ಬಂದರೆ ಕ್ಯಾಷಿಯರ್ ಎದ್ದು ನಿಂತು 'ಯಾರು ತೆಗೆದಿರಿ?' ಎಂದು ಕೂಗುವುದಿಲ್ಲ. ಮೊದಲು ಕಟ್ಟುಗಳನ್ನು ಬಿಚ್ಚಿ ಮತ್ತೆ ಎಣಿಸುತ್ತಾನೆ. ಚೆಕ್ಕಿನ ಹಿಂದೆ ಬರೆದುಕೊಂಡ ನೋಟುಗಳ ವಿವರವನ್ನು ಒಂದೊಂದಾಗಿ ನೋಡುತ್ತಾನೆ. ವ್ಯತ್ಯಾಸ 9ರಿಂದ ಸರಿಯಾಗಿ ಭಾಗವಾದರೆ ಅಂಕಿಗಳು ಅದಲುಬದಲಾಗಿವೆಯೇ, 54 ಎನ್ನುವುದನ್ನು 45 ಎಂದು ಬರೆದಿದ್ದೇವೆಯೇ ಎಂದು ಹುಡುಕುತ್ತಾನೆ. ವ್ಯತ್ಯಾಸ ಸಮಸಂಖ್ಯೆಯಾದರೆ ಅದರ ಅರ್ಧದಷ್ಟು ಮೊತ್ತ ಜಮೆಯ ಬದಲು ಖರ್ಚಿನ ಕಡೆಗೆ ಬಿದ್ದಿದೆಯೇ ಎಂದು ನೋಡುತ್ತಾನೆ. ಹತ್ತರಲ್ಲಿ ಒಂಬತ್ತು ಸಲ ತಪ್ಪು ನಮ್ಮ ಪೆನ್ನಿನದ್ದೇ ಆಗಿರುತ್ತಿತ್ತು. 

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಈ ಶಿಸ್ತಿನಲ್ಲಿ ಬದುಕಿದವನು ನಾನು. ಆದರೆ ಮನೆಯಲ್ಲಿ ಇದನ್ನು ಪಾಲಿಸಲಿಲ್ಲ. ಆಕೆಗೆ ಹೇಳಲಾಗದೆ ಉಳಿದದ್ದು ಇದೇ.

1986ನೇ ಇಸವಿ. ಒಂದು ಬೆಳಿಗ್ಗೆ ಅಂಗಿಯ ಜೇಬಿಗೆ ಕೈ ಹಾಕಿದರೆ ಅಲ್ಲಿದ್ದ ಇಪ್ಪತ್ತು ರೂಪಾಯಿ ನೋಟು ಇಲ್ಲ. ತಿಂಗಳ ಕೊನೆ ಬೇರೆ. ಹಿಂದಿನ ದಿನ ನಾಲ್ಕನೇ ಕ್ಲಾಸಿನ ಮಗ ಬಣ್ಣದ ಪೆನ್ಸಿಲ್ ಡಬ್ಬಿ ಬೇಕೆಂದು ಹಟ ಮಾಡಿದ್ದ. ನನ್ನ ತಲೆಯಲ್ಲಿ ಎರಡೂ ಕೂಡಿಕೊಂಡವು. "ತೆಗೆದೆಯಾ?" ಅಂದೆ. "ಇಲ್ಲಪ್ಪ" ಅಂದ. ಸುಳ್ಳು ಬೇರೆ ಹೇಳುತ್ತೀಯಾ ಎಂದು ಕೆನ್ನೆಗೆ ಹೊಡೆದೆ. ಅವನು ಶಾಲೆಯ ಚೀಲ ಬೆನ್ನಿಗೇರಿಸಿ, ತಿಂಡಿ ತಿನ್ನದೆ ಹೊರಟುಹೋದ.

ಮೂರು ದಿನ ಕಳೆದು ಸೀಮೆಎಣ್ಣೆಗೆಂದು ನನ್ನಾಕೆ ರೇಷನ್ ಕಾರ್ಡ್ ತೆಗೆದಳು. ಕಾರ್ಡಿನ ಕವರಿನೊಳಗೆ ಇಪ್ಪತ್ತರ ನೋಟು ಮಡಚಿಕೊಂಡು ಕೂತಿತ್ತು. ಹಿಂದಿನ ವಾರ ಅಂಗಡಿಗೆ ಹೋಗಿ, ಸ್ಟಾಕ್ ಬಂದಿಲ್ಲ ಎಂದು ವಾಪಸ್ಸಾದಾಗ ನಾನೇ ಅಲ್ಲಿಟ್ಟಿದ್ದೆ. "ಇಲ್ನೋಡಿ" ಎಂದು ಅದನ್ನು ನನ್ನ ಕೈಯಲ್ಲಿಟ್ಟು ಆಕೆ ಬೇರೇನೂ ಮಾತಾಡಲಿಲ್ಲ. ಅವತ್ತು ಸಂಜೆ ಬಣ್ಣದ ಪೆನ್ಸಿಲ್ ಡಬ್ಬಿ ತಂದು ಮಗನಿಗೆ ಕೊಟ್ಟೆ. 'ತಪ್ಪಾಯಿತು ಕಣೋ' ಎಂಬ ಎರಡು ಮಾತು ಮಾತ್ರ ಬಾಯಿಗೆ ಬರಲಿಲ್ಲ. ಅಪ್ಪನಾದವನು ಮಗನ ಹತ್ತಿರ ಕ್ಷಮೆ ಕೇಳುವುದೇ ಎಂಬ ಬಿಗುಮಾನ.

ಈಗ ಅದೇ ಮಗನ ಮಗ ಐದನೇ ಕ್ಲಾಸು. ಕೆಲವು ತಿಂಗಳ ಹಿಂದೆ ಸೊಸೆಯ ಪರ್ಸಿನಿಂದ ನೂರು ರೂಪಾಯಿ ಕಾಣೆಯಾಯಿತು. ಆಕೆ ಮೊದಲು ತರಕಾರಿಯವನಿಗೆ, ಆಟೋಗೆ ಕೊಟ್ಟಿದ್ದನ್ನೆಲ್ಲ ಕೂಡಿ ನೋಡಿದಳು. ಎರಡು ದಿನ ಬಿಟ್ಟು ನೋಟು ಹುಡುಗನ ಕಂಪಾಸ್ ಬಾಕ್ಸಿನಲ್ಲಿ ಕಣ್ಣಿಗೆ ಬಿತ್ತು. ಮಗ ಆಫೀಸಿನಿಂದ ಬಂದ ಮೇಲೆ ವಿಷಯ ತಿಳಿಯಿತು. ನನಗೋ ಎದೆ ಡವಡವ. ಅವನು ಕೈಕಾಲು ತೊಳೆದು, ಕಾಫಿ ಕುಡಿದು, ಹುಡುಗನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ಹಾಲ್‌ನಲ್ಲಿ ಕೂತಿದ್ದ ನನಗೆ ಮಾತು ಕೇಳಿಸುತ್ತಿತ್ತು.

"ಅಮ್ಮನ ನೂರು ರೂಪಾಯಿ ನಿನ್ನ ಹತ್ತಿರ ಇದೆ ಅಂತ ಗೊತ್ತು ಕಂದ. ಯಾತಕ್ಕೆ ಬೇಕಿತ್ತು ಹೇಳು."

ಗಮನಿಸಿ, 'ತೆಗೆದೆಯಾ?' ಎಂದು ಕೇಳಲಿಲ್ಲ. ಉತ್ತರ ನಮಗೆ ಗೊತ್ತಿದ್ದೂ ಹಾಗೆ ಕೇಳಿದರೆ, ಹೆದರಿದ ಮಗು 'ಇಲ್ಲ' ಎನ್ನುತ್ತದೆ. ಆಗ ಒಂದು ತಪ್ಪು ಇದ್ದದ್ದು ಎರಡಾಗುತ್ತದೆ.

ಸ್ವಲ್ಪ ಹೊತ್ತಿಗೆ ಅಳು ಕೇಳಿಸಿತು. ಹುಡುಗ ಆಡುವಾಗ ಗೆಳೆಯನ ಬ್ಯಾಟಿನ ಹಿಡಿ ಮುರಿದುಹಾಕಿದ್ದ. ನೂರು ರೂಪಾಯಿ ಕೊಡದಿದ್ದರೆ ನಿಮ್ಮಪ್ಪನಿಗೆ ಹೇಳುತ್ತೇನೆ ಎಂದು ಆ ಗೆಳೆಯ ಹೆದರಿಸಿದ್ದ. ನೋಟು ತೆಗೆದವನಿಗೆ ಕೊಡಲೂ ಭಯ, ವಾಪಸ್ ಇಡಲೂ ಭಯ.

ಆ ಮನೆಯಲ್ಲಿ ಮುಂದೆ ನಡೆದದ್ದು ಇಷ್ಟು. ನೋಟನ್ನು ಹುಡುಗನೇ ಅಮ್ಮನ ಕೈಗೆ ವಾಪಸ್ ಕೊಟ್ಟು ತಪ್ಪಾಯಿತು ಎಂದ. ಮಾರನೆಯ ದಿನ ಅಪ್ಪ, ಮಗ ಇಬ್ಬರೂ ಗೆಳೆಯನ ಮನೆಗೆ ಹೋಗಿ ಬ್ಯಾಟಿನ ನೂರು ರೂಪಾಯಿ ಕೊಟ್ಟು ಬಂದರು. ಆ ನೂರು ಹುಡುಗನ ಮೇಲೆ ಸಾಲ. ವಾರಕ್ಕೆ ಐವತ್ತು ರೂಪಾಯಿ ಕೈಖರ್ಚು ಶುರುವಾಯಿತು. ಅದರಲ್ಲಿ ಇಪ್ಪತ್ತು ಸಾಲಕ್ಕೆ ಕಡಿತ, ಐದು ವಾರಕ್ಕೆ ಚುಕ್ತಾ. ಲೆಕ್ಕದ ಪುಸ್ತಕಕ್ಕೆ ಗೆರೆ ಹೊಡೆದುಕೊಟ್ಟವನು ನಾನು: ಜಮಾ, ಖರ್ಚು, ಉಳಿಕೆ. ಪುಟದ ಕೊನೆಗೆ ತಾತನ ಸಹಿ. ಮನೆಯಲ್ಲಿ ಯಾರೂ 'ಕಳ್ಳ' ಎಂಬ ಶಬ್ದ ಎತ್ತಲಿಲ್ಲ, ನೆಂಟರ ಮುಂದೆ ಕಥೆ ಹೇಳಲಿಲ್ಲ.

ಅವತ್ತು ರಾತ್ರಿ ಊಟವಾದ ಮೇಲೆ ಮಗ ಜಗಲಿಯಲ್ಲಿ ನನ್ನ ಪಕ್ಕ ಕೂತ. ನಾನೇ ಬಾಯಿಬಿಟ್ಟೆ. "ಆವತ್ತು ನಿನ್ನ ಮೇಲೆ ಕೈ ಮಾಡಿದ್ದೆ, ನೆನಪಿದೆಯಾ? ಆ ದುಡ್ಡು ರೇಷನ್ ಕಾರ್ಡಿನಲ್ಲೇ ಇತ್ತು ಕಣೋ."

"ಗೊತ್ತಪ್ಪ," ಅಂದ. "ಅಮ್ಮ ಆವಾಗಲೇ ಹೇಳಿದ್ದಳು. ನೀವು ಹೇಳ್ತೀರಿ ಅಂತ ಕಾಯ್ತಾ ಇದ್ದೆ."

ತಪ್ಪಾಯಿತು ಎಂದೆ. ಸುಮಾರು ನಲವತ್ತು ವರ್ಷ ಬಾಕಿ ಉಳಿದಿದ್ದ ಮಾತು. ಹೊಡೆದದ್ದಕ್ಕಿಂತ ಆ ಕಾಯುವಿಕೆ ಅವನಿಗೆ ಹೆಚ್ಚು ನೋವು ಕೊಟ್ಟಿರಬೇಕು ಎಂದು ಈಗ ಅನಿಸುತ್ತದೆ.

ಈಗ ನಿಮ್ಮ ಉಪಯೋಗಕ್ಕೆ ಕೆಲವು ಮಾತು.

ವಯಸ್ಸು ನೋಡಿ. ಮೂರು ನಾಲ್ಕು ವರ್ಷದ ಮಗು ಇನ್ನೊಬ್ಬರ ಮನೆಯ ಆಟಿಕೆಯನ್ನು ಜೇಬಿಗೆ ಹಾಕಿಕೊಂಡರೆ ಅದು ಕಳ್ಳತನವಲ್ಲ. 'ನನ್ನದು, ನಿನ್ನದು' ಎಂಬ ಗೆರೆ ಅದಕ್ಕಿನ್ನೂ ಗಟ್ಟಿಯಾಗಿರುವುದಿಲ್ಲ. ಕೈ ಹಿಡಿದು ಕರೆದುಕೊಂಡು ಹೋಗಿ ವಾಪಸ್ ಕೊಡಿಸಿದರೆ ಸಾಕು. ಆರೇಳು ವರ್ಷಕ್ಕೆ ಗೆರೆ ತಿಳಿಯುತ್ತದೆ, ಆಸೆ ತಡೆಯುವ ಶಕ್ತಿ ಸಾಲದು. ಒಂಬತ್ತು ಹತ್ತು ದಾಟಿದವರು ತೆಗೆದರೆ ಹಿಂದೆ ಒಂದು ಕಾರಣವಿರುತ್ತದೆ: ಗೆಳೆಯರ ಸಮ ನಿಲ್ಲಬೇಕೆಂಬ ಆಸೆ, ದೊಡ್ಡ ಹುಡುಗರ ಬೆದರಿಕೆ, ಕೇಳಿದರೆ ಬೈಯುತ್ತಾರೆಂಬ ಹೆದರಿಕೆ. ಕಾರಣ ಹುಡುಕದೆ ಬರೀ ಹೊಡೆದರೆ, ಮುಂದಿನ ಸಲ ಹುಷಾರಾಗಿ ತೆಗೆಯುವುದನ್ನಷ್ಟೇ ಮಗು ಕಲಿಯುತ್ತದೆ.

ಪರ್ಸನ್ನು ಎಲ್ಲೆಂದರಲ್ಲಿ ಬಿಡಬೇಡಿ. ಬ್ಯಾಂಕಿನಲ್ಲಿ ತಿಜೋರಿಗೆ ಎರಡು ಬೀಗದ ಕೈ, ಇಬ್ಬರ ಹತ್ತಿರ ಇರುತ್ತದೆ. ಅದು ಯಾರ ಮೇಲೂ ಅನುಮಾನದಿಂದ ಮಾಡಿದ್ದಲ್ಲ, ಯಾರಿಗೂ ಆಸೆ ಹುಟ್ಟದಿರಲಿ ಎಂದು ಮಾಡಿದ್ದು. ಫೋನಿನ ಯುಪಿಐ ಪಿನ್‌ಗೂ ಇದೇ ಮಾತು. 'ನೀನೇ ಒತ್ತು ಪುಟ್ಟ' ಎಂದು ಮಕ್ಕಳ ಕೈಗೆ ಕೊಡಬೇಡಿ.

ಸಣ್ಣ ಮೊತ್ತವಾದರೂ ಮಕ್ಕಳದೇ ಎಂಬ ಹಣ ಇರಲಿ. ಹತ್ತು ರೂಪಾಯಿಯಾದರೂ ಸರಿ, ಹೇಳಿದ ದಿನ ತಪ್ಪದೆ ಕೊಡಿ. 2025ರ ಏಪ್ರಿಲ್‌ನ ರಿಸರ್ವ್ ಬ್ಯಾಂಕ್ ಸುತ್ತೋಲೆಯಂತೆ, 10 ವರ್ಷ ತುಂಬಿದ ಮಕ್ಕಳಿಗೆ ಉಳಿತಾಯ ಖಾತೆಯನ್ನು ತಾವೇ ತೆರೆದು ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದು. ಮೊತ್ತದ ಮಿತಿಯನ್ನು ಆಯಾ ಬ್ಯಾಂಕೇ ಗೊತ್ತುಮಾಡುತ್ತದೆ. ಅದಕ್ಕಿಂತ ಚಿಕ್ಕವರಿಗೆ ಅಪ್ಪ ಅಥವಾ ಅಮ್ಮ ಪೋಷಕರಾಗಿ ಖಾತೆ ತೆರೆಯಬಹುದು. ತನ್ನ ಹೆಸರಿನ ಪಾಸ್‌ಬುಕ್ ಕೈಗೆ ಬಂದಾಗ ಮಗುವಿನ ಮುಖ ನೋಡಬೇಕು ನೀವು.

ಇಷ್ಟೆಲ್ಲ ಮಾಡಿದರೂ ತಿಂಗಳುಗಟ್ಟಲೆ ಹಣ ಹೋಗುತ್ತಲೇ ಇದ್ದರೆ, ಜೊತೆಗೆ ಹೊಡೆದಾಟ, ಶಾಲೆ ತಪ್ಪಿಸುವುದು ಸೇರಿಕೊಂಡರೆ ಅದು ಮನೆಮದ್ದಿನ ಮಾತಲ್ಲ. ಶಾಲೆಯ ಆಪ್ತಸಲಹೆಗಾರರನ್ನೋ ಮಕ್ಕಳ ಮನೋವೈದ್ಯರನ್ನೋ ಕಾಣಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಮೊನ್ನೆ ಪಾರ್ಕಿನಲ್ಲಿ ಆ ಹೆಣ್ಣುಮಗಳು ಮತ್ತೆ ಸಿಕ್ಕಳು. ಮುಖ ಹಗುರಾಗಿತ್ತು. ಕೂತು ಲೆಕ್ಕ ಹಾಕಿದಳಂತೆ. ಒಂದು ಸಲ ಹೋದ ದುಡ್ಡು ಗ್ಯಾಸಿನ ಹುಡುಗನಿಗೆ ಆಕೆಯೇ ಕೊಟ್ಟದ್ದು. ಇನ್ನೊಂದು ಸಲದ್ದು ಮಗನೇ ತೆಗೆದದ್ದು, ಗೆಳತಿಯ ಹುಟ್ಟುಹಬ್ಬಕ್ಕೆ ಬರಿಗೈಯಲ್ಲಿ ಹೋಗಲು ನಾಚಿಕೆಯಾಗಿ.

"ಎರಡನ್ನೂ ಅವನ ತಲೆಗೇ ಕಟ್ಟಿಬಿಡ್ತಿದ್ದೆ ಅಂಕಲ್," ಅಂದಳು.

"ಮತ್ತೆ, ನಿನ್ನ ತಪ್ಪಿನದ್ದು ಅವನಿಗೆ ಹೇಳಿದೆಯಾಮ್ಮ?" ಎಂದು ಕೇಳಿದೆ.

"ಇನ್ನೂ ಇಲ್ಲ."

"ಇವತ್ತೇ ಹೇಳಿಬಿಡು. ತಡ ಮಾಡಬೇಡ" ಅಂದೆ. ಯಾಕೆ ಎಂದು ಆಕೆ ಕೇಳಲಿಲ್ಲ. ಈ ವಾರದ ಸಂಚಿಕೆ ಓದಿದರೆ ತಿಳಿಯುತ್ತದೆ.