ಈರುಳ್ಳಿ ಪೊರೆಯಲ್ಲಿ ಹಸಿರು ಕಣಗಳು

ಪ್ರೌಢಶಾಲೆಯ ಮಕ್ಕಳ ಪ್ರಯೋಗ ದಾಖಲೆ ಪುಸ್ತಕಗಳನ್ನು ತಿರುವಿಹಾಕುವ ಅವಕಾಶ ನಿಮಗೆ ದೊರೆತರೆ, ‘ಈರುಳ್ಳಿ ಪೊರೆಯ ಜೀವಕೋಶಗಳು’ ಎಂಬ ಪುಟವನ್ನು ಹುಡುಕಿ ನೋಡಿ. ಇಟ್ಟಿಗೆ ಜೋಡಿಸಿದಂತಹ ಕೋಶಗಳು, ಪ್ರತಿಯೊಂದರ ನಟ್ಟನಡುವೆ ಬಳೆಯಿಟ್ಟು ಬರೆದಂತಹ ಕೋಶಕೇಂದ್ರ, ಅದರ ಸುತ್ತ ಹಸಿರು ಪೆನ್ಸಿಲಿನಿಂದ ತುಂಬಿದ ಕ್ಲೋರೋಪ್ಲಾಸ್ಟುಗಳು. ಪಕ್ಕದಲ್ಲಿ ಅಧ್ಯಾಪಕರ ಕೆಂಪು ಶಾಯಿಯ ಸರಿ ಗುರುತು. ಮೂರು ದಶಕಗಳ ವೃತ್ತಿಯಲ್ಲಿ ಹಲವು ಶಾಲೆಗಳ ಪುಸ್ತಕಗಳಲ್ಲಿ ಈ ಚಿತ್ರವನ್ನು ಕಂಡಿದ್ದೇನೆ. ಆದರೆ ಮಣ್ಣಿನೊಳಗೆ ಬೆಳೆಯುವ ಈರುಳ್ಳಿ ಗೆಡ್ಡೆಯ ಎಸಳುಗಳ ಪೊರೆಯಲ್ಲಿ ಹಸಿರು ಕಣಗಳೆಲ್ಲಿಂದ ಬರಬೇಕು? ಕೋಶಕೇಂದ್ರವೂ ಅಲ್ಲಿ ಸಾಮಾನ್ಯವಾಗಿ ನಡುವೆ ಇರುವುದಿಲ್ಲ. ಕೋಶದ ಒಡಲನ್ನೆಲ್ಲ ಆಕ್ರಮಿಸಿದ ರಸದಾನಿ ಅದನ್ನು ಒಂದು ಅಂಚಿಗೆ ತಳ್ಳಿರುತ್ತದೆ.

ಮಗು ಬರೆದದ್ದು ತಾನು ಕಂಡದ್ದನ್ನಲ್ಲ, ಪಠ್ಯಪುಸ್ತಕದ ‘ಮಾದರಿ ಸಸ್ಯಕೋಶ’ವನ್ನು. ವಿಜ್ಞಾನದ ಮೊದಲ ಪಾಠದಲ್ಲಿಯೇ ಕಾಣದ್ದನ್ನು ಕಂಡೆನೆಂದು ಬರೆದು ಸಹಿ ಹಾಕಿಸಿಕೊಳ್ಳುವ ವಿದ್ಯೆಯನ್ನು ನಾವು ಕಲಿಸುತ್ತಿದ್ದೇವೆ. ಇದು ಸಣ್ಣ ವಿಷಯವೆಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ನಾಳೆ ಇದೇ ಮಕ್ಕಳಲ್ಲಿ ಒಬ್ಬರು ಯಾವುದೋ ತಾಲ್ಲೂಕು ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಕುಳಿತು, ನಮ್ಮ ನಿಮ್ಮ ರಕ್ತಲೇಪದಲ್ಲಿ ಮಲೇರಿಯಾ ಪರೋಪಜೀವಿ ಇದೆಯೋ ಇಲ್ಲವೋ ಎಂದು ಬರೆದುಕೊಡಬೇಕಾದವರು.

ಸೂಕ್ಷ್ಮದರ್ಶಕವನ್ನು ನಾವು ಕಲಿಸುವ ಕ್ರಮವೇ ತಲೆಕೆಳಗು. ಕಪ್ಪುಹಲಗೆಯ ಮೇಲೆ ಅಂದವಾದ ಚಿತ್ರ. ಮೇಲಿನಿಂದ ಕೆಳಕ್ಕೆ ಬಾಣದ ಗುರುತುಗಳು. ನೇತ್ರಮಸೂರ, ಕೊಳವೆ, ತಿರುಪುಗಳು, ವಸ್ತುಮಸೂರ, ವೇದಿಕೆ, ದರ್ಪಣ, ಪಾದ. ಮಕ್ಕಳು ಮಗ್ಗಿಯಂತೆ ಒಪ್ಪಿಸುತ್ತಾರೆ. ಉಪಕರಣ ಮಾತ್ರ ಗಾಜಿನ ಬೀರುವಿನೊಳಗೆ, ಬೀಗದ ಹಿಂದೆ. ಪುಸ್ತಕದ ಬದನೆಕಾಯಿ ಎನ್ನುವುದು ಇದಕ್ಕೇ.

ಕಲಿಯಬೇಕಾದದ್ದು ಕೆಳಗಿನಿಂದ, ಕೆಲಸದ ದಾರಿಯಲ್ಲಿ. ಮೊದಲು ದರ್ಪಣ. ಉಪಕರಣವನ್ನು ಕಿಟಕಿಯ ಬಳಿ ಇಟ್ಟು, ಅತಿ ಕಡಿಮೆ ಶಕ್ತಿಯ ವಸ್ತುಮಸೂರವನ್ನು ‘ಟಕ್’ ಎಂದು ಕೂರುವಂತೆ ತಿರುಗಿಸಿ, ಕನ್ನಡಿಯನ್ನು ಆಕಾಶದ ಕಡೆಗೆ ಹೊಂದಿಸಬೇಕು. ನೇರ ಸೂರ್ಯನ ಕಡೆಗೆ ಎಂದಿಗೂ ಕೂಡದು, ಕಣ್ಣಿಗೇ ಅಪಾಯ. ವೇದಿಕೆಯ ಕೆಳಗೆ ಬೆಳಕನ್ನು ಸೇರಿಸುವ ಕಂಡೆನ್ಸರ್ ಇದ್ದರೆ ಕನ್ನಡಿಯ ಸಮತಲದ ಬದಿ, ಇಲ್ಲದಿದ್ದರೆ ನಿಮ್ನ ಬದಿ. ಕಣ್ಣಿನ ಮುಂದೆ ಸಮನಾಗಿ ಬೆಳಗಿದ ದುಂಡು ವೃತ್ತ ಕಂಡ ಮೇಲೆ ಉಳಿದ ಮಾತು. ಈ ಬೆಳಕಿನ ವೃತ್ತವನ್ನು ತಾನೇ ಹಿಡಿದ ಮಗುವಿಗೆ ದರ್ಪಣವೇಕಿದೆಯೆಂದು ಯಾರೂ ಬಾಯಿಪಾಠ ಮಾಡಿಸಬೇಕಿಲ್ಲ.

ಅನಂತರ ಈರುಳ್ಳಿ ಎಸಳಿನ ಒಳಮೈಯಿಂದ ಇಮುಕುಳದಲ್ಲಿ ಎಳೆದ ಪೊರೆ. ಅದು ಮಡಿಚಿಕೊಳ್ಳದಂತೆ ಗಾಜಿನ ಪಟ್ಟಿಯ ನೀರಹನಿಯಲ್ಲಿ ಹರಡಿ, ಒಂದು ಹನಿ ಅಯೋಡಿನ್ ಹಾಕಿ, ಹೊದಿಕೆ ಗಾಜನ್ನು ಓರೆಯಾಗಿ ಊರಿ ನಿಧಾನವಾಗಿ ಇಳಿಸಬೇಕು. ಧೊಪ್ಪನೆ ಬಿಟ್ಟರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಕಪ್ಪು ಅಂಚಿನ ಆ ಗುಳ್ಳೆಯನ್ನೇ ‘ಜೀವಕೋಶ ಸಾರ್’ ಎಂದು ಸಂಭ್ರಮಿಸಿದ ಮಕ್ಕಳಿಗೆ ಲೆಕ್ಕವಿಲ್ಲ. ಆ ತಪ್ಪು ನನಗೆ ಪ್ರಿಯವಾದದ್ದು, ಏಕೆಂದರೆ ಅದು ನೋಡಿದವರು ಮಾತ್ರ ಮಾಡಬಲ್ಲ ತಪ್ಪು.

ದೊಡ್ಡ ತಿರುಪಿನ ವಿಷಯದಲ್ಲಿ ಒಂದೇ ಕಟ್ಟಳೆ ಸಾಕು. ಮಸೂರವನ್ನು ಗಾಜಿನ ಸಮೀಪಕ್ಕೆ ತರುವಾಗ ಕಣ್ಣು ಪಕ್ಕದಿಂದ ನೋಡುತ್ತಿರಬೇಕು. ನೇತ್ರಮಸೂರದಲ್ಲಿ ಕಣ್ಣಿಟ್ಟ ಮೇಲೆ ಅವೆರಡನ್ನೂ ದೂರ ಸರಿಸುತ್ತ ಮಾತ್ರ ಬಿಂಬವನ್ನು ಹುಡುಕಬೇಕು. ಇದನ್ನು ಪಾಲಿಸಿದರೆ ಗಾಜು ಒಡೆಯುವ ಪ್ರಸಂಗ ಬಹುಮಟ್ಟಿಗೆ ತಪ್ಪುತ್ತದೆ. ಬಿಂಬ ಸಿಕ್ಕ ಮೇಲೆ ಸಣ್ಣ ತಿರುಪು. ನೇತ್ರಮಸೂರ 10 ಪಟ್ಟು, ವಸ್ತುಮಸೂರ 4 ಪಟ್ಟು ಆದರೆ ಒಟ್ಟು 40 ಪಟ್ಟು. ಆಗ ಕಾಣುವ ವೃತ್ತದ ಅಗಲ ಸಾಮಾನ್ಯವಾಗಿ ನಾಲ್ಕೂವರೆ ಮಿಲಿಮೀಟರಿನ ಆಸುಪಾಸು. ವಸ್ತುಮಸೂರವನ್ನು 40ಕ್ಕೆ ತಿರುಗಿಸಿದರೆ 400 ಪಟ್ಟು, ಆದರೆ ವೃತ್ತ ಅರ್ಧ ಮಿಲಿಮೀಟರಿಗಿಂತಲೂ ಕಿರಿದು, ಬೆಳಕೂ ಮಂದ. ಮೊದಲೇ ಹೆಚ್ಚಿನ ಶಕ್ತಿಗೆ ಹೋದವನು ಊರನ್ನೇ ನೋಡದೆ ಮನೆ ಹುಡುಕಿದಂತೆ. ಈ ಹಂತದಲ್ಲಿ ದೊಡ್ಡ ತಿರುಪನ್ನು ಮುಟ್ಟಲೇಬಾರದು. (‘2000 ಪಟ್ಟು’ ಎಂದು ಆಟಿಕೆಗಳನ್ನು ಮಾರುವ ಜಾಹೀರಾತುಗಳಿಗೆ ಮರುಳಾಗಬೇಡಿ. ಸುಮಾರು 0.2 ಮೈಕ್ರೋಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳನ್ನು ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ ಬೇರ್ಪಡಿಸಿ ತೋರಿಸಲಾರದು. ಎಷ್ಟು ಹಿಗ್ಗಿಸಿದರೂ ಮಸುಕೇ ಹಿಗ್ಗುತ್ತದೆ.)

ಹಸಿರು ಕಣಗಳನ್ನು ತೋರಿಸಲೇಬೇಕೆಂದರೆ ಕೆರೆಯಿಂದ ಹೈಡ್ರಿಲ್ಲಾ ತನ್ನಿ. ಅದರ ಎಳೆಯ ಎಲೆಗೆ ಬಣ್ಣವೂ ಬೇಡ, ಸೀಳುವುದೂ ಬೇಡ. ಸ್ವಲ್ಪ ಹೊತ್ತು ಬೆಳಕಿನಲ್ಲಿಟ್ಟು ನೋಡಿದರೆ, ಅದೃಷ್ಟವಿದ್ದರೆ, ಕೋಶದ ಗೋಡೆಯ ಅಂಚಿನಲ್ಲಿ ಕಣಗಳು ಮೆರವಣಿಗೆ ಹೊರಟಂತೆ ಹರಿಯುವುದು ಕಾಣುತ್ತದೆ. ಯಾವ ಪಠ್ಯಚಿತ್ರ ಇದನ್ನು ತೋರಿಸೀತು?

‘ಮಕ್ಕಳ ಕೈಗೆ ಕೊಟ್ಟರೆ ಒಡೆಯುತ್ತಾರೆ’ ಎಂಬುದು ಮೊದಲನೆಯ ಆಕ್ಷೇಪ. ಇದರ ಬೇರು ಮಕ್ಕಳಲ್ಲಿಲ್ಲ, ದಾಸ್ತಾನು ವಹಿಯಲ್ಲಿದೆ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಮಸೂರ ಬಿರುಕು ಬಿಟ್ಟದ್ದಕ್ಕೆ ಸಹೋದ್ಯೋಗಿಯೊಬ್ಬರ ಸಂಬಳದಿಂದ ಹಣ ಹಿಡಿದರು. ಅಂದಿನಿಂದ ಆ ಬೀರುವಿನ ಬೀಗ ತೆರೆದದ್ದು ತನಿಖಾಧಿಕಾರಿಗಳು ಬಂದಾಗ ಮಾತ್ರ. ಬಳಸಿ ಸವೆದ ಉಪಕರಣಕ್ಕೆ ದಂಡ, ಬಳಸದೆ ಮಸೂರಕ್ಕೆ ಬೂಷ್ಟು ಹಿಡಿದ ಉಪಕರಣಕ್ಕೆ ‘ಸುಸ್ಥಿತಿಯಲ್ಲಿದೆ’ ಎಂಬ ಷರಾ! ನಿಯಮ ಬದಲಾಗಬೇಕಾದದ್ದು ಇಲ್ಲಿ. ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡರಲ್ಲ, ಆಗ ಅವರ ಸೂಕ್ಷ್ಮದರ್ಶಕದ ತಿರುಪುಗಳು ಬೆವರಿನಿಂದ ತುಕ್ಕು ಹಿಡಿದಿದ್ದವು, ಉಳಿದಿದ್ದ ಒಂದೇ ನೇತ್ರಮಸೂರ ಬಿರುಕು ಬಿಟ್ಟಿತ್ತು. ನಮ್ಮ ವಹಿಯ ಪ್ರಕಾರ ಅದು ‘ನಿರುಪಯುಕ್ತ’.

‘ಅರವತ್ತು ಮಕ್ಕಳು, ನಲವತ್ತೈದು ನಿಮಿಷ, ಒಂದೇ ಉಪಕರಣ’ ಎಂಬುದು ಎರಡನೆಯದು. ಇದು ನಿಜವಾದ ಕಷ್ಟ. ಆದರೆ ದಿನಕ್ಕೆ ಐದು ಮಕ್ಕಳಂತೆ ಊಟದ ಬಿಡುವಿನಲ್ಲಿ ಕೂರಿಸಿದರೆ ಹನ್ನೆರಡು ದಿನಗಳಲ್ಲಿ ತರಗತಿ ಮುಗಿಯುತ್ತದೆ. ನಾನು ಹಾಗೆ ಮಾಡಿದ್ದೇನೆ. ಅಧ್ಯಾಪಕರು ಮೊದಲೇ ಹೊಂದಿಸಿಟ್ಟು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ತಲಾ ಮೂರು ಸೆಕೆಂಡು ಇಣುಕಿಸಿ ಕಳುಹಿಸುವುದು ಮಾತ್ರ ಬೇಡ. ಅದು ಜಾತ್ರೆಯ ಪೆಟ್ಟಿಗೆ ಸಿನಿಮಾ.

ಮೂರನೆಯ ಆಕ್ಷೇಪ ಈಚಿನದು: ಸ್ಮಾರ್ಟ್ ಬೋರ್ಡಿನ ಮೇಲೆ ಇದಕ್ಕಿಂತ ಸ್ಪಷ್ಟವಾಗಿ ತೋರಿಸಬಹುದಂತೆ. ತೋರಿಸಿ, ಬೇಡವೆನ್ನುವುದಿಲ್ಲ. ಆದರೆ ಆ ವೀಡಿಯೊದಲ್ಲಿ ಮಸುಕನ್ನು ಸ್ಪಷ್ಟಗೊಳಿಸಿದವರು ಬೇರೆ ಯಾರೋ. ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್ ತಾನೇ ಉಜ್ಜಿದ ಪುಟ್ಟ ಮಸೂರದಿಂದ ನೀರಿನಲ್ಲಿ ಕಂಡ ಸೂಕ್ಷ್ಮಜೀವಿಗಳ ಬಗ್ಗೆ 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದಾಗ, ಅಲ್ಲಿನ ವಿದ್ವಾಂಸರು ಪತ್ರವನ್ನಷ್ಟೇ ನಂಬಲಿಲ್ಲ. 1677ರಲ್ಲಿ ರಾಬರ್ಟ್ ಹುಕ್ ತಾನೇ ಮಾಡಿ ನೋಡಿ, ಇತರರಿಗೂ ತೋರಿಸಿದ ಮೇಲೆಯೇ ಒಪ್ಪಿದ್ದು. ಉಪಕರಣವೇ ದುಬಾರಿ ಎನ್ನುವವರಿಗೆ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಮನು ಪ್ರಕಾಶ್ ಮತ್ತು ಸಂಗಡಿಗರು ರೂಪಿಸಿ 2014ರಲ್ಲಿ ವಿವರ ಪ್ರಕಟಿಸಿದ, ಕಾಗದ ಮಡಿಚಿ ಮಾಡುವ ‘ಫೋಲ್ಡ್‌ಸ್ಕೋಪ್’ ಇದೆ.

ಪ್ರಶ್ನೆಪತ್ರಿಕೆ ರಚಿಸುವ ಮಿತ್ರರಲ್ಲಿ ಒಂದು ಬೇಡಿಕೆ. ‘ಚಿತ್ರ ಬರೆದು ಭಾಗಗಳನ್ನು ಗುರುತಿಸಿ’ ಎಂಬುದನ್ನು ಕೆಲವು ವರ್ಷ ಬದಿಗಿಡಿ. ಗಾಜಿನ ಪಟ್ಟಿಯನ್ನು ಬಲಕ್ಕೆ ಸರಿಸಿದಾಗ ಬಿಂಬ ಯಾವ ಕಡೆಗೆ ಸರಿಯಿತು, ವೃತ್ತಪತ್ರಿಕೆಯ ‘ಕ’ ಅಕ್ಷರ ಹೇಗೆ ಕಂಡಿತು ಎಂದು ಕೇಳಿ. ಇದಕ್ಕೂ ಗೈಡುಗಳು ಉತ್ತರ ಅಚ್ಚುಹಾಕುತ್ತವೆಂದು ಬಲ್ಲೆ. ಆದ್ದರಿಂದ ಕಾಗದದ ಮೇಲೆ ಕೇಳುವುದಕ್ಕಿಂತ, ಆಂತರಿಕ ಮೌಲ್ಯಮಾಪನದ ದಿನ ಮಗುವನ್ನು ಕಿಟಕಿಯ ಬಳಿಗೆ ಕರೆದು, ಕನ್ನಡಿಯನ್ನು ಅಡ್ಡಾದಿಡ್ಡಿ ತಿರುಗಿಸಿಟ್ಟು, ‘ಎಲ್ಲಿ, ಬೆಳಕು ತೋರಿಸಮ್ಮ’ ಎನ್ನಿ. ಅಂಕ ಅದಕ್ಕಿರಲಿ.