ಹಳೆಯ ಜಾವಾಕ್ಕೆ ಬದಲಿ ಕಾರ್ಬ್ಯುರೇಟರು

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಮೋಟಾರು ಸೈಕಲ್ಲುಗಳ ತಯಾರಿಕೆಯನ್ನು ಆರಂಭಿಸಿ, ಮೊದಲು ಜಾವಾ ಎಂದೂ 1973ರಿಂದೀಚೆಗೆ ಯೆಜ್ಡಿ ಎಂದೂ ಹೆಸರಿಟ್ಟು ಮಾರಿ, 1996ರಲ್ಲಿ ಬಾಗಿಲು ಮುಚ್ಚಿತು. ಕಾರ್ಖಾನೆ ಹೋಯಿತು, ವಾಹನಗಳು ಉಳಿದವು. ಭಟ್ಕಳ, ಹೊನ್ನಾವರ, ಕುಮಟೆಗಳ ಕಡೆಯಲ್ಲಿಯೂ ಅಂಥದೊಂದು ವಾಹನವನ್ನು ಜೋಪಾನವಾಗಿಟ್ಟುಕೊಂಡವರು ಉಂಟು. ಇವರನ್ನೆಲ್ಲ ಒಂದಲ್ಲ ಒಂದು ದಿನ ಕಾಡುವ ಪ್ರಶ್ನೆ ಕಾರ್ಬ್ಯುರೇಟರಿನದು. ಅದು ಸವೆದ ಮೇಲೆ ಬದಲಿಯನ್ನು ಎಲ್ಲಿಂದ ತರುವುದು?

ಅಂಗಡಿಯಲ್ಲಿ ಬೆಲೆ ಕೇಳುವುದಕ್ಕೆ ಮೊದಲು ಈ ಉಪಕರಣದ ಕೆಲಸವೇನೆಂಬುದನ್ನು ನೋಡೋಣ. ಒಂದು ಭಾಗ ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಗಾಳಿಯು ನಳಿಗೆಯ ಇಕ್ಕಟ್ಟಾದ ಭಾಗದಲ್ಲಿ ಹಾಯುವಾಗ ಅದರ ವೇಗ ಹೆಚ್ಚುತ್ತದೆ, ಒತ್ತಡ ಕುಗ್ಗುತ್ತದೆ. ಬರ್ನೌಲಿಯು 1738ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ ತತ್ತ್ವವೇ ಇದಕ್ಕೆ ಆಧಾರ. ಒತ್ತಡ ಕುಗ್ಗಿದೆಡೆಗೆ ತೇಲುಬುರುಡೆಯ ತೊಟ್ಟಿಯಿಂದ ಪೆಟ್ರೋಲು ಜೆಟ್ಟೆಂಬ ಹಿತ್ತಾಳೆಯ ಸಣ್ಣ ರಂಧ್ರದ ಮೂಲಕ ಮೇಲೇರಿ ತುಂತುರಾಗಿ ಗಾಳಿಯಲ್ಲಿ ಬೆರೆಯುತ್ತದೆ. ವಿದ್ಯುತ್ತಿಲ್ಲ, ಗಣಕವಿಲ್ಲ, ಎಲ್ಲವೂ ಅಳತೆಯ ಮಹಿಮೆ. ಆದುದರಿಂದಲೇ ಅಳತೆ ತಪ್ಪಿದರೆ ಎಲ್ಲವೂ ತಪ್ಪುತ್ತದೆ.

ಹಳೆಯ ಕಾರ್ಬ್ಯುರೇಟರುಗಳಲ್ಲಿ ಬಹಳವುಗಳ ಒಡಲು ಸತುವಿನ ಮಿಶ್ರಲೋಹದ ಎರಕ. ನಮ್ಮ ಕರಾವಳಿಯೋ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ನಾಡು. ಮಳೆಗಾಲವಿಡೀ ಮೂಲೆಯಲ್ಲಿ ನಿಂತ ವಾಹನದ ತೊಟ್ಟಿಯನ್ನು ಬಿಚ್ಚಿ ನೋಡಿದರೆ ಸತುವು ಬಿಳಿಯ ಪುಡಿಯಾಗಿ ಎದ್ದಿರುವುದನ್ನೂ, ಆರಿದ ಪೆಟ್ರೋಲು ಅಂಟಾಗಿ ಜೆಟ್ಟನ್ನು ಮುಚ್ಚಿರುವುದನ್ನೂ ಕಾಣಬಹುದು. ಈಗ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥೆನಾಲ್ ಬೆರೆಸಲಾಗುತ್ತಿದೆ. ಎಥೆನಾಲ್ ನೀರನ್ನು ಹೀರಿಕೊಳ್ಳುವ ವಸ್ತು. ಹಳೆಯ ಕಾಲದ ರಬ್ಬರಿಗೂ ಅದು ಹಿತವಲ್ಲ. ಇನ್ನೊಂದು ಲೆಕ್ಕವನ್ನೂ ವಿದ್ಯಾರ್ಥಿಗಳು ಗಮನಿಸಬೇಕು. ಎಥೆನಾಲ್ ಉರಿಯಲು ಅದರ ತೂಕದ ಸುಮಾರು 9 ಪಟ್ಟು ಗಾಳಿ ಸಾಕು. ಎಂದರೆ ಈ ಮಿಶ್ರಣಕ್ಕೆ ಬೇಕಾಗುವ ಗಾಳಿ ಸುಮಾರು 13.5 ಪಟ್ಟು ಮಾತ್ರ. ಅಷ್ಟೇ ಗಾಳಿಗೆ ಇಂಧನ ನೂರಕ್ಕೆ 8ರಿಂದ 9ರಷ್ಟು ಹೆಚ್ಚು ಬೇಕು. ರಂಧ್ರದ ವಿಸ್ತೀರ್ಣವು ವ್ಯಾಸದ ವರ್ಗಕ್ಕೆ ಅನುಗುಣವಾಗಿರುವುದರಿಂದ ಜೆಟ್ಟಿನ ವ್ಯಾಸವನ್ನು ನೂರಕ್ಕೆ 4ರಷ್ಟು ಹಿಗ್ಗಿಸಿದರೆ ಸರಿಹೋಗುತ್ತದೆ. ಅಂದಮೇಲೆ, ಮೂಲ ಕಾರ್ಬ್ಯುರೇಟರೇ ಹೊಸದಾಗಿ ದೊರೆತರೂ ಅದರ ಜೆಟ್ಟು ಇಂದಿನ ಪೆಟ್ರೋಲಿಗೆ ಒಪ್ಪುವಂಥದಲ್ಲ!

ಇದು ಬರಿಯ ನಾಜೂಕಿನ ಮಾತಲ್ಲ. ಜಾವಾದ್ದು ಎರಡು ಹೊಡೆತದ ಎಂಜಿನ್ನು. ಅದರ ಸಿಲಿಂಡರಿಗೆ ಬೇಕಾದ ಎಣ್ಣೆಯು ಪೆಟ್ರೋಲಿನೊಡನೆಯೇ ಬೆರೆತು ಬರತಕ್ಕದ್ದು. ಜೆಟ್ಟು ಕಿರಿದಾದರೆ ಪೆಟ್ರೋಲಿನ ಜೊತೆಗೆ ಎಣ್ಣೆಯೂ ಕಡಮೆಯಾಗುತ್ತದೆ, ಅದೇ ವೇಳೆಗೆ ಎಂಜಿನ್ನಿನ ಕಾವು ಏರುತ್ತದೆ. ಹೊನ್ನಾವರದಿಂದ ಹೊರಟು ಗೇರುಸೊಪ್ಪೆಯ ಘಟ್ಟವನ್ನು ಏರುತ್ತಿರುವಾಗ ಪಿಸ್ಟನ್ನು ಸಿಲಿಂಡರಿನಲ್ಲಿ ಕಚ್ಚಿಕೊಂಡರೆ ಹಿಂದಿನ ಚಕ್ರ ಒಮ್ಮೆಲೇ ನಿಂತುಬಿಡುತ್ತದೆ. ಬೆನ್ನ ಹಿಂದೆ ಲಾರಿ ಬರುತ್ತಿದ್ದರೆ ಸವಾರನ ಗತಿಯೇನು?

ಹೀಗಿದ್ದರೂ ಗ್ಯಾರೇಜುಗಳಲ್ಲಿ ನಡೆಯುವುದು ಬಹುಪಾಲು ಅಂದಾಜಿನ ವ್ಯಾಪಾರ. ಬೇರೆ ಯಾವುದೋ ವಾಹನದ ಕಾರ್ಬ್ಯುರೇಟರನ್ನು ತಂದು, ಬೋಲ್ಟುಗಳು ಕೂಡಿಕೊಂಡರೆ ಸಾಕೆಂದು ಬಿಗಿಯುತ್ತಾರೆ. ದೊಡ್ಡ ನಳಿಗೆ ಹಾಕಿದರೆ ಶಕ್ತಿ ಹೆಚ್ಚುತ್ತದೆಂಬ ನಂಬಿಕೆ ಬೇರೆ. ನಳಿಗೆ ಹಿಗ್ಗಿದಂತೆ ನಿಧಾನಗತಿಯಲ್ಲಿ ಗಾಳಿಯ ವೇಗ ಇಳಿದು, ಪೆಟ್ರೋಲನ್ನು ಸೆಳೆಯುವ ಬಲವೇ ಕುಂದುತ್ತದೆ. ಜೆಟ್ಟಿನ ಮೇಲಿನ ಅಂಕಿಯನ್ನು ನಂಬಿ ಕೊಳ್ಳುವುದೂ ಮೋಸದ ಹಾದಿ. ಕೆಲವು ಕಂಪನಿಗಳು ರಂಧ್ರದ ವ್ಯಾಸವನ್ನು ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ಕೆತ್ತುತ್ತವೆ. ಇಂಗ್ಲೆಂಡಿನ ಅಮಲ್‌ನ ಅಂಕಿಯಾದರೋ ನಿಮಿಷಕ್ಕೆ ಹರಿಯುವ ಘನ ಸೆಂಟಿಮೀಟರುಗಳನ್ನು ಸೂಚಿಸುತ್ತದೆ. ಒಂದರ 100 ಇನ್ನೊಂದರ 100 ಅಲ್ಲ.

ಮೂಲ ಕಾರ್ಬ್ಯುರೇಟರು ಹೋದರೆ ವಾಹನದ ಕುಲವೇ ಕೆಟ್ಟಿತೆನ್ನುವ ಮಡಿವಂತರೂ ಇದ್ದಾರೆ. 2021ರಲ್ಲಿ ಕೇಂದ್ರ ಸರ್ಕಾರವು 50 ವರ್ಷ ಮೀರಿದ ವಾಹನಗಳ ನೋಂದಣಿಗೆ ನಿಯಮ ಮಾಡಿ, ಚಾಸಿ, ಒಡಲು, ಎಂಜಿನ್ನುಗಳಲ್ಲಿ ಮಾರ್ಪಾಡು ಇರಕೂಡದೆಂದು ಹೇಳಿದ ಮೇಲೆ ಅವರ ಧ್ವನಿ ಇನ್ನಷ್ಟು ಗಟ್ಟಿಯಾಗಿದೆ. ಪ್ರದರ್ಶನಕ್ಕೆ ಇಡುವ ವಾಹನದ ಮಟ್ಟಿಗೆ ಅವರ ಮಾತು ನ್ಯಾಯವೇ. ರಸ್ತೆಯಲ್ಲಿ ಓಡಿಸತಕ್ಕ ವಾಹನಕ್ಕೆ, ಸವೆದ ಮೂಲಕ್ಕಿಂತ ಅಳೆದು ಹೊಂದಿಸಿದ ಬದಲಿಯೇ ಮೇಲೆಂದು ನಾವು ತಿಳಿಯುತ್ತೇವೆ. ಅದಕ್ಕೂ ಮೊದಲು ರಿಪೇರಿಯ ಯೋಚನೆ ಬರಬೇಕು: ಸವೆದ ಸ್ಲೈಡಿಗೆ ಹಿತ್ತಾಳೆಯ ತೆಳುಕವಚ ತೊಡಿಸಿ, ನಳಿಗೆಯ ಅಳತೆಗೆ ತಕ್ಕಂತೆ ಲೇತಿನಲ್ಲಿ ಕಡೆದರೆ ಎಷ್ಟೋ ಕಾರ್ಬ್ಯುರೇಟರುಗಳು ಮತ್ತೆ ಬದುಕುತ್ತವೆ.

ಎರಡು ಹೊಡೆತದ ಎಂಜಿನ್ನು ಹೊಗೆಯುಗುಳುತ್ತದೆ, ಉರಿಯದ ಪೆಟ್ರೋಲನ್ನು ಹೊರಗೆ ಚೆಲ್ಲುತ್ತದೆ ಎಂಬ ಆಕ್ಷೇಪಣೆ ನಿಜ. ರಸ್ತೆ ತುಂಬ ಇವೇ ಓಡಲೆಂದು ನಾವು ಹೇಳುತ್ತಿಲ್ಲ. ಆದರೆ 2020ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ 6 ನಿಯಮ ಬಂದಂದಿನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಕಾರ್ಬ್ಯುರೇಟರು ಬಹುಮಟ್ಟಿಗೆ ಮಾಯವಾಗಿದೆ. ಅದರ ಮರ್ಮ ಬಲ್ಲ ಮೇಸ್ತ್ರಿಗಳ ತಲೆಮಾರೂ ಮುಗಿಯುತ್ತ ಬಂದಿದೆ. ಅವರಿರುವಾಗಲೇ ಒಂದು ಕೆಲಸವಾಗಬೇಕು. ಭಟ್ಕಳದಲ್ಲಿ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿನ ವಿದ್ಯಾರ್ಥಿಗಳು ಒಂದು ಹಳೆಯ ಕಾರ್ಬ್ಯುರೇಟರನ್ನು ಬಿಚ್ಚಿ, ಪ್ರತಿಯೊಂದು ಭಾಗವನ್ನೂ ಮೈಕ್ರೋಮೀಟರಿನಿಂದ ಅಳೆದು ನಕ್ಷೆ ಬರೆದಿಡಲಿ. ಆ ನಕ್ಷೆಯಿಂದ ಯಾವ ಲೇತಿನಲ್ಲಾದರೂ ಬಿಡಿಭಾಗ ತಯಾರಾದೀತು. ಹೈಸ್ಕೂಲಿನವರು ಎರಡು ಜೆಟ್ಟುಗಳನ್ನು ಹೋಲಿಸಲು ಒಂದು ಬ್ಯೂರೆಟ್ಟು, ಒಂದು ಗಡಿಯಾರ ಸಾಕು. ಪೆಟ್ರೋಲು ಬೇಡ, ನೀರಿನಲ್ಲಿಯೇ ಪರೀಕ್ಷಿಸಬಹುದು. ಎರಡು ಸಲವೂ ನೀರಿನ ಮಟ್ಟ ಒಂದೇ ಗೆರೆಯಿಂದ ಹೊರಟು ಒಂದೇ ಗೆರೆಗೆ ಇಳಿಯಬೇಕು, ಇಲ್ಲವಾದರೆ ಕಾಲಗಳನ್ನು ಹೋಲಿಸಲಾಗದು.