ಜಪಾನಿಗೆ ಭಾಷೆ ಕಲಿಯಲು ಹೊರಡುವ ಮುನ್ನ

ಪದವಿ ಮುಗಿಸಿದ ಮಗನೋ ಮಗಳೋ ಜಪಾನಿನ ಭಾಷಾ ಶಾಲೆಗೆ ಸೇರುತ್ತೇನೆಂದಾಗ ತಂದೆ-ತಾಯಿಗೆ ಮೊದಲು ಕಾಡುವುದು ಖರ್ಚಿನ ಚಿಂತೆ. ‘ಅಲ್ಲೇ ದುಡಿದುಕೊಂಡು ಓದಬಹುದು’ ಎಂದು ಏಜೆಂಟರು ಧೈರ್ಯ ತುಂಬುತ್ತಾರೆ. ಈ ಮಾತು ಅರ್ಧ ಮಾತ್ರ ನಿಜ.

ವಿದ್ಯಾರ್ಥಿ ವೀಸಾ ಕೊಡುವುದು ಓದಲು. ದುಡಿಯಬೇಕಾದರೆ ವಲಸೆ ಇಲಾಖೆಯ ಪ್ರತ್ಯೇಕ ಅನುಮತಿ ಬೇಕು. ಅನುಮತಿ ದೊರೆತರೂ ವಾರಕ್ಕೆ 28 ಗಂಟೆ ಮೀರುವಂತಿಲ್ಲ. ಶಾಲೆಯ ದೀರ್ಘ ರಜೆಯಲ್ಲಿ ಮಾತ್ರ ದಿನಕ್ಕೆ 8 ಗಂಟೆಯವರೆಗೆ ದುಡಿಯಬಹುದು. ಎರಡು ಕಡೆ ಕೆಲಸ ಮಾಡಿದರೆ ಎರಡೂ ಕಡೆಯ ಗಂಟೆಗಳನ್ನು ಕೂಡಿಸಿಯೇ ಲೆಕ್ಕ. ಮಿತಿ ಮೀರಿದರೆ ಅಥವಾ ಹಾಜರಿ ಕಡಿಮೆಯಾದರೆ ವೀಸಾ ಅವಧಿ ಮುಂದುವರಿಯದೆ ಅರ್ಧಕ್ಕೇ ಮರಳಬೇಕಾದೀತು. ಆಗ ಓದೂ ಇಲ್ಲ, ಊರಿನಲ್ಲಿ ಮಾಡಿದ ಸಾಲವೂ ತೀರಿರುವುದಿಲ್ಲ. ಆದ್ದರಿಂದ ಮೊದಲ ವರ್ಷದ ಶುಲ್ಕ ಮತ್ತು ಊಟ-ವಸತಿಯ ಹಣ ಕೈಯಲ್ಲಿದ್ದರೆ ಮಾತ್ರ ಹೊರಡುವುದು ಕ್ಷೇಮ.

ಪ್ರವೇಶ ಸಾಮಾನ್ಯವಾಗಿ ಏಪ್ರಿಲ್, ಜುಲೈ, ಅಕ್ಟೋಬರ್ ಮತ್ತು ಜನವರಿಯಲ್ಲಿ. ಅರ್ಜಿಯನ್ನು ಹಲವು ತಿಂಗಳು ಮೊದಲೇ ಹಾಕಬೇಕು. ವಿದ್ಯಾರ್ಥಿಯ ಪರವಾಗಿ ಶಾಲೆಯೇ ವಲಸೆ ಇಲಾಖೆಯಿಂದ ಅರ್ಹತಾ ಪ್ರಮಾಣಪತ್ರ ಪಡೆದು ಕಳುಹಿಸುತ್ತದೆ. ಅದರ ಆಯುಷ್ಯ ಮೂರೇ ತಿಂಗಳು. ಅಷ್ಟರೊಳಗೆ ವೀಸಾ ಪಡೆದು ಜಪಾನ್ ತಲುಪಬೇಕು.

ನರಿತಾದಂಥ ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಇಳಿದ ಕೂಡಲೇ ನಿವಾಸ ಕಾರ್ಡ್ ಕೊಡುತ್ತಾರೆ. ಇದನ್ನು ಸದಾ ಜೊತೆಯಲ್ಲಿ ಇಟ್ಟುಕೊಳ್ಳಬೇಕು. ಮನೆ ಸೇರಿದ 14 ದಿನಗಳೊಳಗೆ ಸ್ಥಳೀಯ ಪೌರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅಲ್ಲಿಯೇ ರಾಷ್ಟ್ರೀಯ ಆರೋಗ್ಯ ವಿಮೆಗೂ ಸೇರಬೇಕು. ವಿಮೆಗೆ ಒಳಪಟ್ಟ ಚಿಕಿತ್ಸೆಯ ವೆಚ್ಚದಲ್ಲಿ ಶೇಕಡ 30 ಭಾಗವನ್ನಷ್ಟೇ ರೋಗಿ ಕೊಟ್ಟರೆ ಸಾಕು. ತುರ್ತು ಸಮಯಕ್ಕೆ ಎರಡು ಸಂಖ್ಯೆಗಳು ನೆನಪಿರಲಿ: ಪೊಲೀಸರಿಗೆ 110, ಅಗ್ನಿಶಾಮಕ ದಳ ಮತ್ತು ಆಂಬುಲೆನ್ಸ್‌ಗೆ 119.

ಸಾಮಾನು ಕಟ್ಟುವಾಗ ಸ್ವಲ್ಪ ಭೌತಶಾಸ್ತ್ರವೂ ಉಪಯೋಗಕ್ಕೆ ಬರುತ್ತದೆ. ನಮ್ಮ ಮನೆಗಳಲ್ಲಿ 230 ವೋಲ್ಟ್ ವಿದ್ಯುತ್ ಇದ್ದರೆ ಅಲ್ಲಿ 100 ವೋಲ್ಟ್. ಹೀಟರಿನ ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ. ಹೀಗಾಗಿ ಇಲ್ಲಿಯ 1000 ವಾಟ್ ಇಮ್ಮರ್ಷನ್ ಹೀಟರ್ ಅಲ್ಲಿ ಕೊಡುವುದು ಸುಮಾರು 190 ವಾಟ್ ಮಾತ್ರ. ಬಕೆಟ್ ನೀರು ಕಾಯಲು ಐದು ಪಟ್ಟಿಗೂ ಹೆಚ್ಚು ಹೊತ್ತು ಬೇಕು! ಅಂಥದ್ದನ್ನು ಹೊತ್ತೊಯ್ಯಬೇಡಿ. ‘100-240 ವೋಲ್ಟ್’ ಎಂದು ಬರೆದಿರುವ ಮೊಬೈಲ್ ಚಾರ್ಜರ್‌ಗೆ ಈ ತೊಂದರೆಯಿಲ್ಲ. ಆದರೆ ನಮ್ಮ ದುಂಡು ಪಿನ್ನುಗಳು ಅಲ್ಲಿಯ ಸಾಕೆಟ್‌ಗೆ ಹೊಂದುವುದಿಲ್ಲ. ಎರಡು ಚಪ್ಪಟೆ ಪಿನ್ನಿನ ಅಡಾಪ್ಟರ್ ಬೇಕು.

ಎಲ್ಲಕ್ಕಿಂತ ಮುಖ್ಯ ಸಿದ್ಧತೆಯೆಂದರೆ ಭಾಷೆಯದೇ. ಹಿರಗಾನ ಮತ್ತು ಕತಕಾನ ಲಿಪಿಗಳ ತಲಾ 46 ಮೂಲಾಕ್ಷರಗಳನ್ನು ಊರಿನಲ್ಲೇ ಕಲಿತುಬಿಡಿ. ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ ಐದು ಹಂತಗಳಲ್ಲಿ ಅತ್ಯಂತ ಸುಲಭವಾದ ಎನ್5 ಹಂತವನ್ನು ಬೆಂಗಳೂರಿನಲ್ಲೇ ಬರೆಯಬಹುದು. ಕನ್ನಡಿಗರಿಗೆ ಒಂದು ಅನುಕೂಲವೂ ಇದೆ. ‘ನಾನು ನೀರನ್ನು ಕುಡಿಯುತ್ತೇನೆ’ ಎಂಬುದು ಜಪಾನಿಯಲ್ಲಿ ‘ವತಾಶಿ ವಾ ಮಿಜು ಒ ನೋಮಿಮಾಸು’. ಕರ್ತೃ, ಕರ್ಮ, ಕ್ರಿಯಾಪದ ಬರುವ ಕ್ರಮ ಒಂದೇ. ನಮ್ಮ ವಿಭಕ್ತಿ ಪ್ರತ್ಯಯದಂತೆ ‘ಒ’ ಕೂಡ ನಾಮಪದದ ನಂತರವೇ ಬರುತ್ತದೆ.

ಹೊರಡುವ ಮುನ್ನ ಆರು ತಿಂಗಳು ಮನಸ್ಸಿಟ್ಟು ಕಲಿತ ವಿದ್ಯಾರ್ಥಿಗೆ ಅಲ್ಲಿಯ ತರಗತಿಯೂ ಹಗುರ, ಅಂಗಡಿಯಲ್ಲೋ ಹೋಟೆಲಿನಲ್ಲೋ ಕೆಲಸ ಕೇಳುವುದೂ ಹಗುರ.